ಪಟ್ಟಿಯಿಂದ ಬಿಟ್ಟುಹೋದ ಮಗು

ಬನಶಂಕರಿ ತಾಯಿಯ ಪಾದ ನಂಬಿರುವ ನಿಮ್ಮೆಲ್ಲರ ಮುಂದೆ ನನ್ನ ಅನುಭವವನ್ನು ಇಡುತ್ತಿದ್ದೇನೆ. ಇದರಲ್ಲಿ ನನ್ನ ಹೊಟ್ಟೆಕಿಚ್ಚೂ ಇದೆ, ಕೆಟ್ಟ ಬೇಡಿಕೆಯೂ ಇದೆ. ಅದನ್ನು ಮುಚ್ಚಿಟ್ಟರೆ ತಾಯಿ ಮಾಡಿದ್ದು ಏನೆಂದು ತಿಳಿಯುವುದಿಲ್ಲ.

2005ರ ಆಷಾಢದಲ್ಲಿ ನನ್ನ ಎರಡು ವರ್ಷದ ದುಡಿಮೆಯನ್ನು, ನಾನು ತಂದೆಯಂತೆ ಕಂಡ ಮನುಷ್ಯರೊಬ್ಬರು ತಮ್ಮದೆಂದು ಅಚ್ಚು ಹಾಕಿಸಿಕೊಂಡರು.

ನಾನು ಗುಳೇದಗುಡ್ಡದ ನೇಕಾರರ ಮನೆಯವಳು. ಬನಶಂಕರಿ ನಮ್ಮ ಮನೆದೇವರು. ಪಿಎಚ್.ಡಿ. ಮುಗಿಸಿ ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಪೋಸ್ಟ್‌ಡಾಕ್ ಸಂಶೋಧಕಿಯಾಗಿ ಸೇರಿದ್ದೆ. ಬಿ.ಟಿ.ಎಂ. ಲೇಔಟಿನಲ್ಲಿ ಒಂದು ಬಾಡಿಗೆ ಕೋಣೆ. ಕೆಲಸ ಅಪರೂಪದ ಕಾಯಿಲೆಗಳಿಗೆ ಸಂಬಂಧಿಸಿದ್ದು. ಒಂದು ಎನ್‌ಜೈಮ್ ಹುಟ್ಟಿನಿಂದಲೇ ಇಲ್ಲದೆ ಮಕ್ಕಳ ಹೊಟ್ಟೆ ಊದಿ, ಮೂಳೆ ಸವೆದು, ರಕ್ತ ಕಡಿಮೆಯಾಗುತ್ತಾ ಹೋಗುವ ರೋಗವೊಂದಿದೆ. ಇಂಥ ಮಕ್ಕಳು ಎಷ್ಟಿದ್ದಾರೆ, ಎಲ್ಲಿದ್ದಾರೆ ಎಂದು ಯಾರಿಗೂ ಗೊತ್ತಿರಲಿಲ್ಲ. ಆಸ್ಪತ್ರೆಯ ಕಡತಗಳಲ್ಲಿ ಒಂದೇ ಮಗುವಿಗೆ ಮೂರು ಹೆಸರು, ಮೂರು ಕಾಯಿಲೆ. ವಯಸ್ಸು ಅಂದಾಜು, ವಿಳಾಸ ಅರ್ಧ. ನಾನು ಒಂದೊಂದನ್ನೂ ಹೋಲಿಸಿ, ಸಂಶಯ ಬಂದರೆ ಬಸ್ಸು ಹತ್ತಿ ಮನೆಗೇ ಹೋಗಿ, ತಾಯಂದಿರನ್ನು ಕೇಳಿ ತಿದ್ದಿ, ಒಂದು ಪಟ್ಟಿ ಮಾಡುತ್ತಿದ್ದೆ. ಹುಳಿಮಾವು, ಬಿಳೇಕಹಳ್ಳಿ, ಉತ್ತರಹಳ್ಳಿಯ ಗಲ್ಲಿಗಳು ನನಗೆ ತಿಳಿದದ್ದು ಹಾಗೆ.

ನನ್ನ ಮೇಲಿದ್ದ ಪ್ರೊಫೆಸರನ್ನು ಎಲ್ಲರೂ ‘ಸರ್’ ಎನ್ನುತ್ತಿದ್ದರು, ನಾನೂ ಹಾಗೇ ಎನ್ನುತ್ತೇನೆ. ಗೌರಿ ಹಬ್ಬಕ್ಕೆ ಜಯನಗರದ ಅವರ ಮನೆಗೆ ಕರೆಸಿ ಅವರ ಹೆಂಡತಿ ನನಗೆ ಬಾಗಿನ ಕೊಟ್ಟಿದ್ದರು. “ಇವಳು ನಮ್ಮನೆ ಮಗಳು” ಎಂದು ಬಂದವರಿಗೆಲ್ಲ ಹೇಳಿದ್ದರು. ಅದನ್ನು ನಾನು ನಂಬಿದ್ದೆ.

ಒಂದು ದಿನ ಲೈಬ್ರರಿಯಲ್ಲಿ ದೆಹಲಿಯ ಸಮ್ಮೇಳನವೊಂದರ ಪುಸ್ತಕ ತಿರುವುತ್ತಿದ್ದೆ. ನನ್ನ ಪಟ್ಟಿ ಅಲ್ಲಿತ್ತು. ನಾನು ಬರೆದ ವಾಕ್ಯಗಳೇ ಇದ್ದವು. ಕೆಳಗೆ ಸರ್ ಹೆಸರು, ಹೊಸದಾಗಿ ಸೇರಿದ ಅವರ ನೆಂಟರ ಹುಡುಗನ ಹೆಸರು. ಕೃತಜ್ಞತೆಯ ಸಾಲಿನಲ್ಲೂ ನಾನಿರಲಿಲ್ಲ. ಪುಸ್ತಕ ಹಿಡಿದುಕೊಂಡೇ ಅವರ ಕೋಣೆಗೆ ಹೋದೆ.

“ಸರ್, ಇದು ನನ್ನ ಕೆಲಸ ಅಲ್ವಾ?”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ನೋಡಮ್ಮ, ಹೆಸರು ವಿಳಾಸ ತಿದ್ದೋದನ್ನ ರಿಸರ್ಚ್ ಅನ್ನಲ್ಲ. ಅದು ಕ್ಲರ್ಕ್ ಕೆಲಸ. ಮನಸ್ಸಿಗೆ ಹಚ್ಕೋಬೇಡ.”

ಮುಂದಿನ ವಾರ ನನ್ನ ಅವಧಿಯನ್ನು ಮುಂದುವರಿಸುವುದಿಲ್ಲ ಎಂಬ ಪತ್ರ ಬಂತು. ಕಂಪ್ಯೂಟರ್ ಒಪ್ಪಿಸಿ ಹೊರಬಂದೆ. ಎರಡು ವರ್ಷ ಒಟ್ಟಿಗೆ ಊಟ ಮಾಡಿದ ಗೆಳತಿಯರು ಆ ದಿನ ತಲೆ ಎತ್ತಿ ನೋಡಲಿಲ್ಲ.

ಅವ್ವನಿಗೆ ಫೋನ್ ಮಾಡಿ, ದೇವಿಯೂ ನನ್ನ ಕೈಬಿಟ್ಟಳು ಎಂದು ಅತ್ತೆ. ಅವ್ವ ಸಮಾಧಾನದ ಮಾತೇನೂ ಆಡಲಿಲ್ಲ. “ಅಕಿ ಮ್ಯಾಲ ಸಿಟ್ಟ ಇದ್ರ ಅಕಿ ಮುಂದನ ಹೋಗಿ ಹೇಳು. ಹನ್ನೊಂದು ಶುಕ್ರವಾರ ದೀಪಾ ಹಚ್ಚು” ಎಂದಳು.

ಹಚ್ಚಿದೆ. ಬೆಂಗಳೂರಿನ ಬನಶಂಕರಿ ಗುಡಿಯಲ್ಲಿ ರಾಹುಕಾಲಕ್ಕೆ ನಿಂಬೆಹಣ್ಣಿನ ಹೋಳು ಮಗುಚಿ, ಎಣ್ಣೆ ಹಾಕಿ ದೀಪ ಹಚ್ಚುವುದು ನಿಮಗೆ ಗೊತ್ತೇ ಇದೆ. ಬೇರೆಯವರು ಮದುವೆ, ಮಗು, ಆರೋಗ್ಯ ಬೇಡುತ್ತಿದ್ದರು. ನಾನು ಬೇಡಿದ್ದು ಒಂದೇ: ಆ ಮನುಷ್ಯನಿಗೆ ಹತ್ತು ಜನರ ಮುಂದೆ ಅವಮಾನ ಆಗಲಿ. ಎಂಟು ಶುಕ್ರವಾರ ಕಳೆದರೂ ಏನೂ ಆಗಲಿಲ್ಲ. ಅವರಿಗೆ ಪ್ರಶಸ್ತಿ ಬಂತೆಂದು ಪೇಪರಿನಲ್ಲಿ ಓದಿದೆ. ಒಂಬತ್ತನೆಯ ಶುಕ್ರವಾರ ಹೋಗುವುದೇ ಬೇಡವೆಂದು ಮಲಗಿದ್ದೆ. ಅವ್ವನಿಗೆ ಸುಳ್ಳು ಹೇಳಲಾರದೆ ಎದ್ದು ಹೋದೆ.

ಸಾಲಿನಲ್ಲಿ ನನ್ನ ಮುಂದಿದ್ದ ಹೆಂಗಸು ತಿರುಗಿ ನೋಡಿ, “ಮೇಡಂ, ನೀವಲ್ವಾ ನಮ್ಮನೇಗೆ ಬಂದಿದ್ದೋರು?” ಎಂದರು. ಉತ್ತರಹಳ್ಳಿಯ ಗೌರಮ್ಮ. ಅವರ ಇಬ್ಬರು ಹೆಣ್ಣುಮಕ್ಕಳಿಗೂ ಈ ರೋಗವಿತ್ತು. ದೊಡ್ಡವಳು ಕಾವ್ಯ, ಚಿಕ್ಕವಳು ಕಾವೇರಿ.

“ಫಾರಿನ್‌ನಿಂದ ಪುಕ್ಕಟೆ ಔಷಧಿ ಬರುತ್ತಂತೆ ಮೇಡಂ. ಲಿಸ್ಟಲ್ಲಿ ದೊಡ್ಡೋಳ ಹೆಸರು ಮಾತ್ರ ಬಂದಿದೆ. ಚಿಕ್ಕೋಳು ಬೇರೆ ಮಗು ಅಲ್ಲ, ಎರಡು ಸಲ ಬರ್ದಿದಾರೆ ಅಷ್ಟೇ ಅಂತಾರೆ. ಹೆತ್ತೋಳು ನಾನು, ನನಗೇ ಹಂಗಂತಾರೆ.”

ಏನಾಗಿದೆ ಎಂದು ನನಗೆ ಕೂಡಲೇ ತಿಳಿಯಿತು. ಒಂದೇ ತಂದೆ, ಒಂದೇ ಮನೆ, ಒಂದೇ ರೋಗ. ಆಸ್ಪತ್ರೆಯವರು ಇಬ್ಬರನ್ನೂ ಮನೆಯಲ್ಲಿ ಕರೆಯುವಂತೆ ‘ಕಾವಿ’ ಎಂದೇ ಬರೆದುಕೊಂಡಿದ್ದರಿಂದ ನನ್ನ ಮೊದಲ ಪಟ್ಟಿಯಲ್ಲಿ ಇಬ್ಬರೂ ಒಬ್ಬಳಾಗಿದ್ದರು. ಆಮೇಲೆ ನಾನು ಮನೆಗೆ ಹೋಗಿ ನೋಡಿ ತಿದ್ದಿದ್ದೆ. ಔಷಧಿಯವರಿಗೆ ಸರ್ ಕೊಟ್ಟದ್ದು ತಮ್ಮ ಬಳಿಯಿದ್ದ ಹಳೆಯ ಪ್ರತಿ. ಹೊಸದನ್ನು ಕೇಳಿದ್ದರೆ ಯಾಕೆಂದು ಅವರು ನನಗೆ ಹೇಳಬೇಕಾಗುತ್ತಿತ್ತು.

ನಾಚಿಕೆಯಿಂದ ಹೇಳುತ್ತೇನೆ, ಮೊದಲು ನನಗೆ ಸಂತೋಷವಾಯಿತು. ಕೊನೆಗೂ ಸಿಕ್ಕಿಬಿದ್ದರು ಎನಿಸಿತು. ಅಷ್ಟರಲ್ಲಿ ಗೌರಮ್ಮ, “ಫಾರಂ ಕಳ್ಸೋಕೆ ಸೋಮವಾರ ಲಾಸ್ಟಂತೆ” ಎಂದರು.

ದೀಪ ಹಚ್ಚಿದೆ. ಆ ದಿನ ಏನನ್ನೂ ಬೇಡಲು ಬಾಯಿ ಬರಲಿಲ್ಲ.

ಗುಡಿಯಿಂದ ನೇರವಾಗಿ ಸರ್ ಹತ್ತಿರ ಹೋದೆ. ಕೂರಲೂ ಹೇಳದೆ ಕೇಳಿಸಿಕೊಂಡರು. “ನಿನ್ನ ಕಂಪ್ಯೂಟರ್ ಫಾರ್ಮ್ಯಾಟ್ ಮಾಡ್ಸಾಯ್ತು, ನೀನು ತಿದ್ದಿದ್ದೆಲ್ಲ ಹೋಯ್ತು. ಈಗ ಒಂದು ತಪ್ಪಿದೆ ಅಂದ್ರೆ ಪೂರ್ತಿ ಲಿಸ್ಟ್ ಮೇಲೇ ಡೌಟ್ ಬರುತ್ತೆ. ಮುಂದಿನ ವರ್ಷ ಸೇರಿಸೋಣ.”

“ಐದು ವರ್ಷದ ಮಗು ಸರ್. ಮುಂದಿನ ವರ್ಷದವರೆಗೆ ಇರುತ್ತೋ ಇಲ್ವೋ.”

“ಬಾಗಿಲು ಎಳ್ಕೊಂಡು ಹೋಗಮ್ಮ” ಎಂದರು.

ಅವರು ನನ್ನ ಹೆಸರು ಅಳಿಸಿದಾಗ ಆಗದ ನೋವು ಆಗ ಆಯಿತು.

ಮರುದಿನ ಶನಿವಾರ ಗೌರಮ್ಮನೂ ನಾನೂ ಇಬ್ಬರು ಮಕ್ಕಳನ್ನು ಕರೆದುಕೊಂಡು ಫಾರಂಗೆ ಸಹಿ ಹಾಕುವ ಆಸ್ಪತ್ರೆಯ ಡಾಕ್ಟರಮ್ಮನ ಬಳಿಗೆ ಹೋದೆವು. ಕಾವೇರಿಯ ಹೊಟ್ಟೆ ಎಷ್ಟು ಊದಿತ್ತೆಂದರೆ ಬಸ್ಸಿನ ಮೆಟ್ಟಿಲು ಹತ್ತಲಾಗದೆ ಕಂಡಕ್ಟರ್ ಎತ್ತಿಕೊಂಡರು. ಡಾಕ್ಟರಮ್ಮ ಇಬ್ಬರನ್ನೂ ನೋಡಿ ನಿಟ್ಟುಸಿರಿಟ್ಟರು. “ಇಬ್ರು ಮಕ್ಕಳು ಅಂತ ನಂಗೆ ಕಾಣಿಸ್ತಿದೆ. ಆದ್ರೆ ಚಿಕ್ಕೋಳ ಬ್ಲಡ್ ರಿಪೋರ್ಟ್ ಬೇರೆ ಇಲ್ದೆ ಔಷಧಿ ಕೊಡೋರು ಒಪ್ಪಲ್ಲ. ಹೊಸದಾಗಿ ಟೆಸ್ಟ್ ಮಾಡ್ಸಿದ್ರೆ ಒಂದು ತಿಂಗಳು ಬೇಕು.”

ಟೆಸ್ಟ್ ಹಿಂದೆಯೇ ಆಗಿತ್ತು. ವರದಿ ಎಲ್ಲೋ ಕಳೆದಿತ್ತು. ಲ್ಯಾಬಿನ ಹಳೆಯ ರಿಜಿಸ್ಟರಿನಲ್ಲಿ ನಂಬರ್ ಸಿಕ್ಕರೆ ನಕಲು ತೆಗೆಯಬಹುದಿತ್ತು. ರೆಕಾರ್ಡ್ ರೂಮಿಗೆ ಓಡಿದರೆ ಅಲ್ಲಿನ ಗುಮಾಸ್ತರು ತಲೆ ಕೆರೆದುಕೊಂಡರು. “ಆ ವರ್ಷದ್ದೆಲ್ಲಾ ರದ್ದಿಗೆ ಹಾಕಿದೀವಿ ಮೇಡಂ. ಬುಧವಾರನೇ ಲಾರಿ ಬರಬೇಕಿತ್ತು, ಅದೇನೋ ಬರ್ಲಿಲ್ಲ. ಹಿಂದಗಡೆ ಶೆಡ್ಡಲ್ಲಿ ಬಿದ್ದಿರ್ಬೇಕು, ನೋಡ್ಕೊಳಿ.”

ಶೆಡ್ಡಿನ ತುಂಬ ರಿಜಿಸ್ಟರುಗಳ ರಾಶಿ. ಗೌರಮ್ಮನಿಗೆ ಓದಲು ಬರುತ್ತಿರಲಿಲ್ಲ. ಅವರು ಎತ್ತಿ ಎತ್ತಿ ಕೊಡುತ್ತಾ, ಬಾಯಲ್ಲಿ “ಅಮ್ಮಾ, ತಾಯೀ” ಎನ್ನುತ್ತಿದ್ದರು. ನನಗೆ ಗೊತ್ತಿಲ್ಲದೆ ನಾನೂ ಹೇಳತೊಡಗಿದ್ದೆ. ಸಂಜೆ ನಾಲ್ಕಕ್ಕೆ, ರಟ್ಟು ಕಿತ್ತುಹೋದ ಒಂದು ರಿಜಿಸ್ಟರಿನಲ್ಲಿ ಎರಡು ಸಾಲು ಒಂದರ ಕೆಳಗೊಂದು ಸಿಕ್ಕವು. ಒಂದೇ ದಿನ, ಒಂದೇ ‘ಕಾವಿ’. ಒಬ್ಬಳ ವಯಸ್ಸು ಎಂಟು, ಇನ್ನೊಬ್ಬಳದು ನಾಲ್ಕು. ನಂಬರು ಬೇರೆ ಬೇರೆ. ಗೌರಮ್ಮ ಆ ಪುಟಕ್ಕೆ ಕೈಮುಗಿದರು.

ಲಾರಿ ಬರದಿದ್ದದ್ದಕ್ಕೆ ಏನೋ ಕಾರಣ ಇದ್ದಿರಬಹುದು. ನಾನು ಕೇಳಲು ಹೋಗಲಿಲ್ಲ. ಬನಶಂಕರಿ ತಾಯಿಯೇ ಅದನ್ನು ತಡೆದಳು ಎಂದು ಅಂದೇ ನಂಬಿದೆ, ಇಂದಿಗೂ ನಂಬುತ್ತೇನೆ.

ಸೋಮವಾರ ಕಾವೇರಿಯ ಫಾರಂ ತುಂಬುವಾಗ ‘ವಿವರ ಪರಿಶೀಲಿಸಿದವರು’ ಎಂಬಲ್ಲಿಗೆ ಬಂದು ಡಾಕ್ಟರಮ್ಮ ಪೆನ್ನು ನನ್ನ ಕೈಗೆ ಕೊಟ್ಟರು. ಆ ಎಲ್ಲ ಕೆಲಸದಲ್ಲಿ ನನ್ನ ಹೆಸರು ಇರುವುದು ಆ ಒಂದು ಕಾಗದದ ಮೇಲೆ ಮಾತ್ರ. ಮರುವರ್ಷ ಇಬ್ಬರಿಗೂ ಔಷಧಿ ಶುರುವಾಯಿತು. ಅದೇ ಆಸ್ಪತ್ರೆಯಲ್ಲಿ ಈ ಮಕ್ಕಳ ದಾಖಲೆ ನೋಡಿಕೊಳ್ಳುವ ಕೆಲಸ ನನಗೆ ಸಿಕ್ಕಿತು.

ಸರ್‌ಗೆ ಯಾವ ಅವಮಾನವೂ ಆಗಲಿಲ್ಲ. ಔಷಧಿ ಕೊಡುವ ಸಮಾರಂಭದಲ್ಲಿ ಅವರೇ ಮುಖ್ಯ ಅತಿಥಿ, ಕಾವೇರಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಫೋಟೊ ತೆಗೆಸಿಕೊಂಡರು. ನಾನು ಹಿಂದಿನ ಸಾಲಿನಲ್ಲಿದ್ದೆ. ಇಂದಿಗೂ ಅವರನ್ನು ಪೂರ್ತಿ ಕ್ಷಮಿಸಲು ನನ್ನಿಂದ ಆಗಿಲ್ಲ. ಅದನ್ನೂ ತಾಯಿಯ ಮುಂದೆಯೇ ಹೇಳಿಕೊಳ್ಳುತ್ತೇನೆ.

ನಾನು ಬೇಡಿದ್ದನ್ನು ಅವಳು ಕೊಡಲಿಲ್ಲ. ಒಬ್ಬ ಮನುಷ್ಯನ ಕೇಡು ಕೇಳಲು ನಿಂತವಳ ಮುಂದೆ ಒಬ್ಬ ತಾಯಿಯನ್ನು ತಂದು ನಿಲ್ಲಿಸಿದಳು. ಈಗ ಕಾವೇರಿ ಸ್ಕೂಲಿಗೆ ನಡೆದೇ ಹೋಗುತ್ತಾಳೆ, ದಾರಿಯಲ್ಲಿ ಅಕ್ಕನ ಜೊತೆ ಜಗಳವಾಡುತ್ತಾಳಂತೆ. ಗೌರಮ್ಮ ಅದನ್ನು ದೂರಿನಂತೆ ಹೇಳಿದಾಗಲೆಲ್ಲ ನಾನು ಮನಸ್ಸಿನಲ್ಲೇ ಬನಶಂಕರಿ ಅಮ್ಮನಿಗೆ ಕೈಮುಗಿಯುತ್ತೇನೆ.