ಪೆನ್ಸಿಲ್ಲಿನ ಹಾಜರಿ

ನಮ್ಮ ಮನೆಯ ಶಾಲೆ ಏಪ್ರಿಲ್ ಹತ್ತಕ್ಕೆ ಮುಗಿಯುತ್ತಿತ್ತು. ಅಂದು ಬೇರೆ ಮಕ್ಕಳು ಪಾಸೋ ಫೇಲೋ ಕೇಳಿಕೊಂಡು ಬಂದು, ಬ್ಯಾಗು ಮೂಲೆಗೆಸೆದು ಆಡಲು ಓಡುತ್ತಿದ್ದರು. ನಾನು ಮತ್ತು ತಂಗಿ ರಬ್ಬರು ಹಿಡಿದು ಕೂರುತ್ತಿದ್ದೆವು.

ಹುಣಸೂರಿನಿಂದ ವೀರನಹೊಸಹಳ್ಳಿಗೆ ಹೋಗುವ ರಸ್ತೆಯಲ್ಲಿ ನಮ್ಮ ಮನೆ. ಅಪ್ಪ ಹುಣಸೂರಿನ ಒಂದು ಸಾಮಿಲ್ಲಿನಲ್ಲಿ ಗುಮಾಸ್ತ. ಶಾಲೆಯಲ್ಲಿ ಶುಕ್ರವಾರ ಸರಸ್ವತಿಯ ಪಟಕ್ಕೆ ಹೂವಿಟ್ಟು ಮಕ್ಕಳಿಂದ ಕೈ ಮುಗಿಸುತ್ತಾರೆ ಎಂದು ನಮ್ಮಿಬ್ಬರನ್ನೂ ಅವನು ಶಾಲೆಗೆ ಸೇರಿಸಿರಲಿಲ್ಲ. ಎಸ್ಸೆಸ್ಸೆಲ್ಸಿ ಓದಿದ್ದ ಅಮ್ಮನೇ ಟೀಚರು, ಅಡುಗೆಮನೆಯ ಪಕ್ಕದ ಕೋಣೆಯೇ ಕ್ಲಾಸು. ಪಿರಿಯಾಪಟ್ಟಣದ ಹತ್ತಿರದ ಕೊಪ್ಪದಲ್ಲಿ ಎರಡು ವರ್ಷ ಇದ್ದು, ಪ್ರಾರ್ಥನಾ ಕೂಟಗಳಲ್ಲಿ ಅಪ್ಪನಿಗೆ ಪರಿಚಯವಾಗಿ, ತಮ್ಮ ದೇಶಕ್ಕೆ ವಾಪಸಾದ ಒಂದು ವಿದೇಶಿ ಕುಟುಂಬ ತಮ್ಮ ಮಕ್ಕಳ ಪುಸ್ತಕಗಳನ್ನು ಮೂರು ರಟ್ಟಿನ ಪೆಟ್ಟಿಗೆಗಳಲ್ಲಿ ಅಪ್ಪನಿಗೆ ಕೊಟ್ಟುಹೋಗಿತ್ತು. ಪ್ರತಿ ಪುಟದಲ್ಲೂ ಪ್ರಶ್ನೆ, ಕೆಳಗೆ ಉತ್ತರ ಬರೆಯಲು ಗೆರೆ. ಆ ಗೆರೆಗಳ ಮೇಲೆ ಆಗಲೇ ಯಾರೋ ಬರೆದು ಅಳಿಸಿದ್ದರು. ಅದರ ಮೇಲೆ ನಾನು ಬರೆಯಬೇಕು, ವರ್ಷದ ಕೊನೆಗೆ ಅಳಿಸಬೇಕು, ಅದರ ಮೇಲೆ ನನಗಿಂತ ಒಂದೂವರೆ ವರ್ಷ ಚಿಕ್ಕವಳಾದ ತಂಗಿ ಬರೆಯಬೇಕು. ಆದ್ದರಿಂದ ನಮ್ಮ ಮನೆಯಲ್ಲಿ ಎಲ್ಲವೂ ಪೆನ್ಸಿಲ್ಲು. ಪೆನ್ನು ಇದ್ದದ್ದು ಒಂದೇ, ಅಪ್ಪನ ಜೇಬಿನಲ್ಲಿ.

ನಾನು ಹೇಳಹೊರಟಿರುವುದು ನನಗೆ ಹದಿಮೂರಾದ ವರ್ಷದ ಏಪ್ರಿಲ್ ಮತ್ತು ಮೇ. ಸಾಮಿಲ್ಲಿನವರು ಬಿಸಾಡಿದ ಒಂದು ಹಳೆಯ ಡೈರಿಯಲ್ಲಿ ದಿನಕ್ಕೆ ಎರಡು ಸಾಲು ಬರೆದಿಡುವ ಚಾಳಿ ನನಗೆ ಆಗಲೇ ಇತ್ತು. ಆ ಡೈರಿ ಈಗಲೂ ನನ್ನ ಮುಂದಿದೆ, ಹಾಗಾಗಿ ಲೆಕ್ಕ ತಪ್ಪುವುದಿಲ್ಲ.

ಆ ವರ್ಷ ನಾನು ತುಂಬಿಸಿದ್ದು ಐದು ಪುಸ್ತಕ ಪೂರ್ತಿ, ಆರನೆಯದರಲ್ಲಿ ಮೂವತ್ತೊಂದು ಪುಟ. ಒಟ್ಟು ಐನೂರ ಹನ್ನೊಂದು. ಏಪ್ರಿಲ್ ಹತ್ತರಿಂದ ಹದಿಮೂರರವರೆಗೆ, ನಾಲ್ಕು ಮಧ್ಯಾಹ್ನ, ಅಷ್ಟನ್ನೂ ಉಜ್ಜಿದೆವು. ಸೆಕೆಗೆ ಕೈ ಬೆವೆತು ರಬ್ಬರಿನ ಪುಡಿ ಕಪ್ಪಗೆ ಜಿಡ್ಡಾಗಿ ಹುಳುಗಳ ಹಾಗೆ ಸುರುಳಿ ಸುತ್ತಿಕೊಳ್ಳುತ್ತಿತ್ತು. ಮೊಣಕೈಗೆ, ಲಂಗಕ್ಕೆ, ಕೊನೆಗೆ ತಟ್ಟೆಯ ಅನ್ನಕ್ಕೂ ಅಂಟುತ್ತಿತ್ತು. ಮೂರನೆಯ ಪುಸ್ತಕದ ಅರವತ್ತೆಂಟನೇ ಪುಟದ ಮೂಲೆಯಲ್ಲಿ ಆ ವಿದೇಶಿ ಮಗು ಯಾವತ್ತೋ ಮೂಗಿನಿಂದ ತೆಗೆದು ಅಂಟಿಸಿದ್ದು ಒಣಗಿ ಗಟ್ಟಿಯಾಗಿ ಕೂತಿತ್ತು. ಅದನ್ನು ಉಗುರಿನಲ್ಲಿ ಕೆರೆಯುವ ಸರದಿ ನನ್ನದೇ ಆಯಿತು. ಆಮೇಲೆ ಸೋಪಿನಲ್ಲಿ ನಾಲ್ಕು ಸಲ ಕೈ ತೊಳೆದೆ, ಆದರೂ ರಾತ್ರಿಯ ಊಟ ಎಡಗೈಯಲ್ಲಿ ಮಾಡಿ ಅಮ್ಮನಿಂದ ಬೈಸಿಕೊಂಡೆ.

ಇದೆಲ್ಲಕ್ಕಿಂತ ಅಸಹ್ಯ ಅಪ್ಪನ ಹೆಬ್ಬೆರಳು. ಕೆಲಸದಿಂದ ಬಂದವನು ನಾವು ಉಜ್ಜಿದ ಪುಟಗಳನ್ನು ಪರೀಕ್ಷೆ ಮಾಡುತ್ತಿದ್ದ. ಎಲ್ಲಾದರೂ ಒಂದು ಅಕ್ಷರ ಉಳಿದಿದ್ದರೆ ಹೆಬ್ಬೆರಳನ್ನು ನಾಲಗೆಗೆ ಒತ್ತಿ, ಎಂಜಲಿನಿಂದ ಗಸಗಸ ತಿಕ್ಕುತ್ತಿದ್ದ. ಪುಟದ ಮೇಲೆ ಬೂದು ಬಣ್ಣದ ಒದ್ದೆ ಕಲೆ. ಅದರಿಂದ ಎಲೆಯಡಿಕೆಯ ಹಳಸಲು ವಾಸನೆ.

"ನೋಡು, ಹೊಸ ಪುಸ್ತಕ ಆಯ್ತು" ಎನ್ನುತ್ತಿದ್ದ.

ಎದುರು ಮನೆಯ ಅಜ್ಜಿ ಹಾಲು ಕೊಡಲು ಬಂದವಳು ಬಾಗಿಲಲ್ಲಿ ನಿಂತು ನೋಡಿದಳು.

"ಇದ್ಯಾವ ಇಸ್ಕೂಲವ್ವ ನಿಮ್ದು? ಮಕ್ಳು ಬರ್ದಿದ್ನೆಲ್ಲ ಒರೆಸ್ತಾ ಕುಂತವೆ?"

"ಚಿಕ್ಕವ್ಳಿಗೆ ಬೇಕಲ್ಲಜ್ಜಿ" ಎಂದಳು ಅಮ್ಮ.

"ಅಂಗಾರೆ ದೊಡ್ಡವ್ಳು ವರ್ಸೆಲ್ಲ ಏನ್ ಕಿಸ್ದ್ಲು ಅಂತ ಯಾರಾರಾ ಕೇಳುದ್ರೆ ಏನ್ ತೋರಿಸ್ತೀಯೆ? ರಬ್ಬರ್ ಪುಡೀನಾ?"

ಅಮ್ಮ ನಕ್ಕಳು. ನಾನು ನಗಲಿಲ್ಲ. ಯಾಕೆಂದರೆ ನನ್ನನ್ನು ಶಾಲೆಗೆ ಸೇರಿಸುವ ಮಾತು ಆಗಲೇ ನಡೆದಿತ್ತು, ಅಲ್ಲಿ ಯಾರಾದರೂ ಕೇಳಬಹುದು ಅನ್ನಿಸಿತು.

ಬೀಜಗಣಿತದ ಹತ್ತಿರ ಬಂದಾಗ ಅಮ್ಮ ಕೈಚೆಲ್ಲಿದ್ದಳು. "ಇನ್ಮುಂದೆ ನನ್ ಕೈಲಾಗಲ್ಲ, ದೊಡ್ಡವ್ಳನ್ನ ಸ್ಕೂಲಿಗೆ ಹಾಕಿ" ಎಂದು ಫೆಬ್ರವರಿಯಿಂದ ಹೇಳುತ್ತಿದ್ದಳು. ಅಪ್ಪ ಒಂದು ಷರತ್ತಿನ ಮೇಲೆ ಒಪ್ಪಿದ್ದ. ಎಂಟನೇ ಕ್ಲಾಸಿಗೆ ತೆಗೆದುಕೊಂಡರೆ ಸರಿ, ಕೆಳಗಿನ ಕ್ಲಾಸಿಗೆ ಎಂದರೆ ನಾನು ಮನೆಯಲ್ಲೇ. ಪಿರಿಯಾಪಟ್ಟಣದಿಂದ ಎಚ್.ಡಿ.ಕೋಟೆಯವರೆಗೆ ಪ್ರತಿ ಪ್ರಾರ್ಥನಾ ಕೂಟದಲ್ಲೂ ಎದ್ದು ನಿಂತು, ನನ್ನ ಮಕ್ಕಳು ಸ್ಕೂಲ್ ಮಕ್ಕಳಿಗಿಂತ ಒಂದು ವರ್ಷ ಮುಂದಿದ್ದಾರೆ ಎಂದು ಅವನು ಸಾಕ್ಷಿ ಹೇಳಿ ಆಗಿತ್ತು. ನನಗೋ ಶಾಲೆಗೆ ಹೋಗಲೇಬೇಕಿತ್ತು. ಸಮವಸ್ತ್ರದ ಆಸೆಯಿಂದಲ್ಲ. ಇನ್ನೊಂದು ಏಪ್ರಿಲ್‌ನಲ್ಲಿ ಆ ಕೋಣೆಯಲ್ಲಿ ಕೂತು ಉಜ್ಜುವುದು ನನ್ನಿಂದ ಸಾಧ್ಯವಿರಲಿಲ್ಲ.

ಹುಣಸೂರಿನ ಶಾಲೆಯೊಂದರ ಹೆಡ್ ಮೇಡಂ ಅಪ್ಪನಿಗೆ ಹೇಳಿ ಕಳಿಸಿದ್ದರು: ಟಿ.ಸಿ. ಇಲ್ಲದಿದ್ದರೆ ಹಾಜರಿ ಪುಸ್ತಕ ತನ್ನಿ, ಹುಡುಗಿ ಬರೆದ ಪುಸ್ತಕಗಳನ್ನು ತನ್ನಿ, ನೋಡೋಣ. ಈ ಮಾತು ನಮ್ಮ ಕಿವಿಗೆ ಬಿದ್ದದ್ದು ಏಪ್ರಿಲ್ ಹದಿನೈದಕ್ಕೆ. ಪುಸ್ತಕಗಳನ್ನು ಉಜ್ಜಿ ಎರಡು ದಿನವಾಗಿತ್ತು.

ಹಾಜರಿ ಪುಸ್ತಕವೂ ತೋರಿಸುವ ಹಾಗಿರಲಿಲ್ಲ. ಆ ವರ್ಷ ನಿಜವಾಗಿ ಕ್ಲಾಸು ನಡೆದದ್ದು ನೂರ ಇಪ್ಪತ್ತಾರು ದಿನ. ಕ್ಲಾಸಿಲ್ಲದ ದಿನಗಳ ಕಾರಣಗಳೂ ನನ್ನ ಡೈರಿಯಲ್ಲಿವೆ. ಅಪ್ಪನ ಜೊತೆ ಪ್ರಾರ್ಥನಾ ಕೂಟಗಳಿಗೆ ಹೋಗಿದ್ದು ಐವತ್ತೆಂಟು, ಅಮ್ಮನ ತಲೆನೋವು ಮೂವತ್ತೊಂದು, ಕೆ.ಆರ್.ನಗರದ ಅಜ್ಜನ ಮನೆ ಮತ್ತು ಮದುವೆಗಳು ಹದಿನಾಲ್ಕು, ಮಳೆಗೆ ಕೋಣೆ ಸೋರಿದ್ದು ಒಂಬತ್ತು, ಸುಮ್ಮನೆ ಇಪ್ಪತ್ತೈದು.

ಅಪ್ಪ ಅಂಗಡಿಯಿಂದ ಹೊಸ ಹಾಜರಿ ಪುಸ್ತಕ ತಂದು ನನ್ನ ಮುಂದಿಟ್ಟ.

"ನಿನ್ನಕ್ಷರ ದುಂಡಗದೆ. ನೀನೇ ಬರಿ. ಜೂನ್ ಒಂದ್ರಿಂದ ಸುರು ಮಾಡು, ಭಾನುವಾರ ಬುಟ್ಟು ಮಿಕ್ಕಿದ್ದಕ್ಕೆಲ್ಲ ಟಿಕ್ ಹಾಕು."

"ಅಷ್ಟ್ ದಿನ ಕ್ಲಾಸ್ ಆಗಿಲ್ವಲ್ಲಪ್ಪ."

"ಕೂಟಕ್ಕೆ ಹೋದಾಗ ವಾಕ್ಯ ಕಲೀಲಿಲ್ವಾ? ಅದೂ ಪಾಠಾನೇ ಕಣೆ."

"ರಜಾ ದಿನ? ಕ್ಯಾಲೆಂಡರಲ್ಲಿ ಕೆಂಪಗಿರೋದು?"

"ಕ್ರಿಸ್‌ಮಸ್ಸಿಗೆ ಒಂದ್ ವಾರ ಬುಡು. ಮಿಕ್ಕಿದ್ ಕೆಂಪೆಲ್ಲ ಅವರ ಹಬ್ಬ. ಗಣಪತಿ, ದಸರಾ, ಯುಗಾದಿ ಅಂತ ನಮ್ಮನೇಲಿ ಯಾಕ್ ಪಾಠ ನಿಲ್ಲುಸ್ಬೇಕು? ಹಾಕು ಟಿಕ್ಕು! ಅವರು ಹಬ್ಬ ಮಾಡ್ವಾಗ ನಮ್ ಮಕ್ಳು ಓದ್ತಿದ್ರು ಅಂತ ಗೊತ್ತಾಗ್ಲಿ."

ಕ್ಯಾಲೆಂಡರು ಪಕ್ಕದಲ್ಲಿಟ್ಟುಕೊಂಡು, ಕೆಂಪು ಕಂಡಲ್ಲೆಲ್ಲ ಟಿಕ್ ಹಾಕಿದೆ. ಪೆನ್ಸಿಲ್ಲಿನಲ್ಲಿ, ನಮ್ಮ ಮನೆಯ ಪದ್ಧತಿಯಂತೆ. ಎಲ್ಲ ಟಿಕ್ಕೂ ಒಂದೇ ಅಳತೆ, ಒಂದೇ ಓರೆ. ಒಟ್ಟು ಇನ್ನೂರ ಅರವತ್ಮೂರು. ಸುಳ್ಳು ಎಂದು ಗೊತ್ತಿದ್ದೂ ಅದನ್ನು ಅಷ್ಟು ಅಂದವಾಗಿ ಬರೆದೆ ಎನ್ನುವುದು ಇವತ್ತಿಗೂ ನನಗೆ ವಾಕರಿಕೆ ತರುತ್ತದೆ. ಮುಗಿಸಿದಾಗ ಸಂತೋಷವೂ ಆಗಿತ್ತು. ಅದನ್ನೂ ಡೈರಿಯಲ್ಲಿ ಬರೆದಿದ್ದೇನೆ: "ಒಂದೂ ತಪ್ಪಿಲ್ಲ."

ಮೇ ಹದಿನೇಳು, ಬೆಳಿಗ್ಗೆ ಹತ್ತೂವರೆ. ಅಪ್ಪ, ಅಮ್ಮ, ನಾನು ಹೆಡ್ ಮೇಡಂ ಕೋಣೆಯಲ್ಲಿ ಕೂತೆವು. ಹಣೆಯಲ್ಲಿ ವಿಭೂತಿ, ಮೂಗಿನ ತುದಿಯಲ್ಲಿ ಕನ್ನಡಕ, ಐವತ್ತು ದಾಟಿದ ಹೆಂಗಸು. ಮೊದಲು ಪುಸ್ತಕಗಳನ್ನು ತೆರೆದರು. ಒಂದು ಪುಟ, ಎರಡು ಪುಟ, ಹತ್ತು ಪುಟ.

"ಏನ್ರೀ ಇದು, ಎಲ್ಲಾ ಖಾಲಿ?"

"ಬರ್ದಿದ್ಲು ಮೇಡಂ. ಅಳಿಸಿದ್ದೀವಿ. ಚಿಕ್ಕವ್ಳಿಗೆ ಬೇಕು."

"ಚೆನ್ನಾಗಿದೆ. ಉತ್ತರ ಪತ್ರಿಕೆ ಅಳಿಸಿ ಮಾರ್ಕ್ಸ್ ಕೊಡಿ ಅಂತೀರಿ" ಎಂದು ಹಾಜರಿ ಪುಸ್ತಕ ಎಳೆದುಕೊಂಡರು. ಅಪ್ಪ ಸಹಾಯಕ್ಕೆಂದು ಮುಂದೆ ಬಾಗಿ, ಹೆಬ್ಬೆರಳು ನೆಕ್ಕಿ, ಒಂದೊಂದೇ ಹಾಳೆ ತಿರುವಿ ತೋರಿಸತೊಡಗಿದ. ಮೇಡಂ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿದರು. ನಾನು ನೆಲ ನೋಡಿದೆ.

"ಇನ್ನೂರ ಅರವತ್ಮೂರು ದಿನಾನಾ? ನಮ್ಮ ಸ್ಕೂಲೇ ಇಷ್ಟು ದಿನ ನಡೆಯಲ್ಲ."

"ನಾವು ಹಬ್ಬಗಿಬ್ಬ ಮಾಡಲ್ಲ ಮೇಡಂ. ಶಿಸ್ತು."

"ಸಂತೋಷ." ಅವರ ಬೆರಳು ಏಪ್ರಿಲ್ ತಿಂಗಳ ಮೊದಲ ಸಾಲಿನಲ್ಲಿ ನಿಂತಿತು. "ಆದ್ರೆ ಗುಡ್ ಫ್ರೈಡೇ ದಿನಾನೂ ಕ್ಲಾಸ್ ಮಾಡಿದ್ದೀರಲ್ಲ ಸ್ವಾಮಿ? ಆವತ್ತು ನಾನೇ ರಜಾ ಕೊಟ್ಟಿದ್ದೆ, ನಿಮ್ಮ ಹಬ್ಬ ಅಂತ."

ಕ್ಯಾಲೆಂಡರಿನಲ್ಲಿ ಅದೂ ಕೆಂಪು ಅಂಕಿಯೇ. ಕೆಂಪೆಲ್ಲ ಅವರ ಹಬ್ಬ ಎಂದು ಅಪ್ಪ ಹೇಳಿದ್ದ, ನಾನು ಟಿಕ್ ಹಾಕಿದ್ದೆ. ಆವತ್ತು ನಾವು ನಾಲ್ವರೂ ಚರ್ಚಿನಲ್ಲಿ ಹನ್ನೆರಡರಿಂದ ಮೂರರವರೆಗೆ ಕೂತಿದ್ದೆವು, ಅಪ್ಪ ಕಣ್ಣೀರಿಟ್ಟಿದ್ದ.

ಆಮೇಲೆ ಅಪ್ಪ ಮಾಡಿದ್ದನ್ನು ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ. ಅವನು ನಕ್ಕ. "ಹುಡ್ಗಿ ತಪ್ಪು ಮೇಡಂ, ಕೈ ತಪ್ಪಿ ಹಾಕವ್ಳೆ" ಎಂದ. ಹೆಬ್ಬೆರಳನ್ನು ನಾಲಗೆಗೆ ಒತ್ತಿ, ಅವರ ಮೇಜಿನ ಮೇಲೆಯೇ, ಅವರ ಕಣ್ಣೆದುರೇ, ಆ ಟಿಕ್ಕನ್ನು ಉಜ್ಜತೊಡಗಿದ. ಪಕ್ಕದ ಎರಡು ದಿನಗಳೂ ಸೇರಿ ಬೂದು ಕಲೆಯಾದವು. ಹಳಸಲು ವಾಸನೆ ನನ್ನವರೆಗೆ ಬಂತು.

"ಕೈ ತೆಗೀರಿ" ಎಂದರು ಮೇಡಂ. ನನ್ನ ಕಡೆ ತಿರುಗಿದರು. "ನೀನ್ ಹೇಳಮ್ಮ. ಎಷ್ಟು ದಿನ ಓದಿದೆ?"

ಅಪ್ಪ ನನ್ನನ್ನೇ ನೋಡುತ್ತಿದ್ದ. ನಿಜ ಹೇಳಿದರೆ ಎಂಟನೇ ಕ್ಲಾಸು ಇಲ್ಲ, ಎಂಟನೇ ಕ್ಲಾಸು ಇಲ್ಲದಿದ್ದರೆ ಶಾಲೆಯೇ ಇಲ್ಲ. ಇನ್ನೂರ ಅರವತ್ತೆರಡು ಎಂದು ಹೇಳಬಹುದಿತ್ತು, ಒಂದು ಕಳೆದರೆ ಆಗುತ್ತಿತ್ತು. ಬಾಯಿ ತೆರೆದೆ. ಆ ಒದ್ದೆ ಕಲೆ ಕಣ್ಣ ಮುಂದಿತ್ತು.

"ನೂರ ಇಪ್ಪತ್ತಾರು" ಎಂದೆ. ಚೀಲದಿಂದ ಡೈರಿ ತೆಗೆದು ಮೇಜಿನ ಮೇಲಿಟ್ಟೆ.

ಅವರು ಕಾಲು ಗಂಟೆ ಓದಿದರು. ಮಧ್ಯದಲ್ಲಿ ಒಮ್ಮೆ "ಸುಮ್ಮನೆ ಇಪ್ಪತ್ತೈದು" ಎಂದು ಮೆಲ್ಲಗೆ ಹೇಳಿಕೊಂಡರು. ಕಾಗದ ಕೊಟ್ಟು ನಾಲ್ಕು ಲೆಕ್ಕ ಮಾಡಿಸಿದರು. ಎರಡು ಬಂದವು.

"ಏಳಕ್ಕೆ ತಗೋತೀನಿ. ಎಂಟಕ್ಕೆ ಆಗಲ್ಲ."

ಅಪ್ಪ ಎದ್ದು ನಿಂತ. "ಏಳಾದ್ರೆ ಬ್ಯಾಡ. ನಡೀರಿ."

ಅಮ್ಮ ಏಳಲಿಲ್ಲ. "ನಾನ್ ಪಾಠ ಹೇಳಿದ್ದು ಅಷ್ಟೇ ದಿನ ಮೇಡಂ. ಫಾರಂ ಕೊಡಿ, ನಾನು ಸೈನ್ ಮಾಡ್ತೀನಿ."

"ಕೂಟದಲ್ಲಿ ನನ್ ಮಕ ಎಲ್ಲಿಟ್ಕಳಾನೆ?" ಎಂದ ಅಪ್ಪ.

"ಎಲ್ಲಾರಾ ಇಟ್ಕಳಿ" ಎಂದಳು ಅಮ್ಮ. ಅವಳು ಅಪ್ಪನಿಗೆ ಹಾಗೆ ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅಮ್ಮನ ಹತ್ತಿರ ಪೆನ್ನಿರಲಿಲ್ಲ. ಮೇಡಂ ತಮ್ಮ ಶಾಯಿ ಪೆನ್ನು ಕೊಟ್ಟರು.

ಅಪ್ಪ ನನ್ನ ಜೊತೆ ಹನ್ನೊಂದು ದಿನ ಮಾತಾಡಲಿಲ್ಲ. ಹನ್ನೆರಡನೆಯ ದಿನ ನೀರು ತಾ ಎಂದ, ತಂದುಕೊಟ್ಟೆ. ಆ ಹಾಜರಿ ಪುಸ್ತಕದ ಟಿಕ್ಕುಗಳನ್ನು ಅಳಿಸಿ ತಂಗಿಗೆ ಬಳಸಬಹುದು ಎಂದು ಅವನು ಹೇಳಿದಾಗ ನಾನು ಎದ್ದು ಹೊರಗೆ ಹೋದೆ. ಅಷ್ಟು ಅಸಹ್ಯ ನನಗೆ ಮನುಷ್ಯರ ಮೇಲೆ ಹಿಂದೆಂದೂ ಆಗಿರಲಿಲ್ಲ, ನನ್ನ ಮೇಲೂ ಸೇರಿ.

ಜೂನ್‌ನಲ್ಲಿ ಏಳನೇ ಕ್ಲಾಸಿಗೆ ಸೇರಿದೆ. ಅಲ್ಲಿ ಪೆನ್ನಿನಲ್ಲೇ ಬರೆಯಬೇಕಿತ್ತು. ಅಮ್ಮ ಬಸ್ ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲಿ ಎರಡು ಶಾಯಿ ಪೆನ್ನು ಕೊಡಿಸಿದ್ದಳು. ತಂಗಿ ಮನೆಯಲ್ಲಿ ಅದೇ ಕೋಣೆಯಲ್ಲಿ ಕೂತು, ನಾನು ಉಜ್ಜಿದ ಪುಟಗಳನ್ನು ಬೆಳಕಿಗೆ ಓರೆ ಹಿಡಿದು, ಪೆನ್ಸಿಲ್ಲು ಒತ್ತಿ ಉಳಿದ ಗುಳಿಗಳಲ್ಲಿ ನನ್ನ ಉತ್ತರ ಹುಡುಕುತ್ತಿದ್ದಳು.

"ಅಕ್ಕಾ, ಇಲ್ಲಿ ಏಳು ಅಂತ ಬರ್ದಿದ್ಯಾ, ಒಂದು ಅಂತಾನಾ?"

"ಎರಡೂ ತಪ್ಪು" ಎಂದು ಹೇಳಿ ಎರಡನೆಯ ಪೆನ್ನು ಅವಳ ಕೈಗೆ ಕೊಟ್ಟೆ.

ಅಪ್ಪ ನೋಡಿದ್ದು ಜೂನ್ ಹದಿನೆಂಟಕ್ಕೆ. ಅಷ್ಟರಲ್ಲಿ ಅವಳು ನಲವತ್ತೊಂದು ಪುಟ ಬರೆದಿದ್ದಳು. ಅವನು ಹೆಬ್ಬೆರಳನ್ನು ನಾಲಗೆಗೆ ಮುಟ್ಟಿಸಿ ಮೊದಲ ಪುಟದ ಮೊದಲ ಉತ್ತರವನ್ನು ಉಜ್ಜಿದ. ಶಾಯಿ ಹರಡಿತು, ಹೋಗಲಿಲ್ಲ. ಇನ್ನೊಮ್ಮೆ ನೆಕ್ಕಿ ಉಜ್ಜಿದ. ಅವನ ನಾಲಗೆಯ ತುದಿ ನೀಲಿಯಾಯಿತು.