ದೇವರ ಮನೆಗೆ ಯಜಮಾನನಾದವನು

ಹೋದ ತಿಂಗಳು ಪೀರನವಾಡಿಯ ಬಡಿಗನ ಅಂಗಡಿಯಲ್ಲಿ ಒಂದು ಹಳೆಯ ಕಪಾಟಿಗೆ ಪಾಲಿಶ್ ಹಚ್ಚಿ ಬಿಸಿಲಿಗೆ ನಿಲ್ಲಿಸಿದ್ದರು. ಅರಗು, ಸ್ಪಿರಿಟ್ಟು ಬೆರೆತ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಇಷ್ಟು ವರ್ಷ ಒಳಗೆ ಮಲಗಿದ್ದ ಸಿಟ್ಟು ಎದ್ದು ಕೂತಿತು. ಬಡಿಗ ಏನೋ ಹೇಳುತ್ತಿದ್ದ, ನನಗೆ ಕೇಳಿಸಲಿಲ್ಲ. ನಾನು ಖಾನಾಪುರದ ನಮ್ಮ ಚರ್ಚಿನ ಮುಂದೆ, ಮಳೆಯಲ್ಲಿ ನಿಂತಿದ್ದೆ...

ಎಪ್ಪತ್ತರ ದಶಕದ ನಡುವಿನ ಮಾತು. ಬೆಳಗಾವಿಯವಳಾದ ನನಗೆ ಖಾನಾಪುರದ ಕನ್ನಡ ಶಾಲೆಯಲ್ಲಿ ಕೆಲಸ ಸಿಕ್ಕಿತ್ತು. ಅಲ್ಲಿದ್ದ ಕ್ರೈಸ್ತ ಮನೆಗಳು ಇಪ್ಪತ್ತೋ ಇಪ್ಪತ್ತೈದೋ. ಸ್ಟೇಷನ್ ರಸ್ತೆಯ ಬಾಜು ಹಂಚಿನ ಸಣ್ಣ ಚರ್ಚು. ಅದಕ್ಕೊಬ್ಬರು ಹಿರಿಯರು, ಕಟ್ಟಿಗೆ ಡಿಪೋದಲ್ಲಿ ಹೆಡ್‌ಕ್ಲಾರ್ಕ್ ಆಗಿ ನಿವೃತ್ತರಾದವರು. ಎಲ್ಲರೂ ಅವರನ್ನು 'ಹಿರಿಯರು' ಎಂದೇ ಕರೆಯುತ್ತಿದ್ದೆವು. ಈಗಲೂ ಕೈ ತಾನಾಗಿಯೇ 'ಅವರು' ಎಂದು ಬರೆಯುತ್ತಿದೆ. ಇನ್ನು ಮುಂದೆ ಆತ ಎಂದೇ ಬರೆಯುತ್ತೇನೆ. ಅಷ್ಟೇ ಮರ್ಯಾದೆ ಸಾಕು.

ಚರ್ಚಿನ ಕೀಲಿಕೈ ಆತನ ಸೊಂಟದಲ್ಲಿರುತ್ತಿತ್ತು. ಪಾದ್ರಿಗಳು ಬಂದು ಬಂದು ಬದಲಾಗುತ್ತಿದ್ದರು, ಕೀಲಿಕೈ ಬದಲಾಗುತ್ತಿರಲಿಲ್ಲ. ಮುಂದಿನ ಬೆಂಚು ಆತನ ಮನೆಯವರದು. ಆರಾಧನೆಗೆ ಆ ಮನೆಯವರು ಬಾರದ ದಿನ ಅದು ಖಾಲಿ ಇರಬೇಕು. ಹಾಡು ಯಾವುದು, ಗಂಟೆ ಎಷ್ಟು ಸಲ, ಕಿಟಕಿ ಎಷ್ಟು ತೆರೆಯಬೇಕು, ಎಲ್ಲ ಆತನೇ ಹೇಳಬೇಕು. ಪ್ರಾರ್ಥನೆಯಲ್ಲಿ ಮಾತ್ರ 'ಕರ್ತನೇ, ಇದು ನಿನ್ನ ಮನೆ' ಎಂದು ಗದ್ಗದಿತನಾಗುತ್ತಿದ್ದ. ಕಣ್ಣು ತೆರೆದನೆಂದರೆ ಮತ್ತೆ 'ನಮ್ಮ ಚರ್ಚು'.

ಆ ಚರ್ಚನ್ನು ನಿಜವಾಗಿ ನೋಡಿಕೊಂಡವಳು ಆಯಿ. ಮಗ್ಗುಲ ಓಣಿಯ ಮುದುಕಿ, ಎಲ್ಲರಿಗೂ ಆಯಿ, ತನಗೆ ಯಾರೂ ಇಲ್ಲದವಳು. ನೆಲ ಮಣ್ಣಿನದಿದ್ದಾಗ ಪ್ರತಿ ಶನಿವಾರ ಸಗಣಿ ಸಾರಿಸಿದವಳು. ಮಳೆಗಾಲದಲ್ಲಿ ಹಂಚು ಸೋರುವಲ್ಲೆಲ್ಲ ತನ್ನ ಮನೆಯ ಪಾತ್ರೆ ತಂದಿಡುತ್ತಿದ್ದಳು. ಅಷ್ಟು ದಿನ ಆಕೆ ಯಾವುದರಲ್ಲಿ ಅಡುಗೆ ಮಾಡುತ್ತಿದ್ದಳೋ ತಿಳಿಯದು. ಆರಾಧನೆಯ ಹೊತ್ತಿಗೆ ಹೊರಗೆ, ಹೊಸ್ತಿಲ ಪಕ್ಕದಲ್ಲಿ ಕೂಡುತ್ತಿದ್ದಳು. ಮರಾಠಿ ಬೆರೆತ ಕನ್ನಡದಲ್ಲಿ ಎಲ್ಲರಿಗಿಂತ ಒಂದು ಸಾಲು ಹಿಂದೆ ಹಾಡುತ್ತಿದ್ದಳು.

ಒಂದು ಆಷಾಢದಲ್ಲಿ ಆಯಿ ತೀರಿಕೊಂಡಳು. ಅದೇ ವಾರ ಚರ್ಚಿಗೆ ಶಹಾಬಾದಿ ಫರಸಿ ಕಲ್ಲು ಹಾಸಿ ಬೆಂಚುಗಳಿಗೆ ಪಾಲಿಶ್ ಹಚ್ಚಿದ್ದರು. ಭಾನುವಾರ ಬಿಷಪ್ಪರು ಬರುವವರಿದ್ದರು. ಶುಕ್ರವಾರ ಬೆಳಿಗ್ಗೆ ಕೀಲಿಕೈ ಕೇಳಲು ಪಾದ್ರಿಯ ಜೊತೆ ಆತನ ಮನೆಗೆ ಹೋದೆ. ಪಾದ್ರಿ ಹೊಸಬರು, ಅಂಜುಬುರುಕರು; ಮಾತಾಡಿದ್ದು ನಾನೇ. ಒಂದು ತಾಸು ಆಯಿಯನ್ನು ಒಳಗಿಟ್ಟು ಪ್ರಾರ್ಥನೆ ಮಾಡಿ ಒಯ್ಯುತ್ತೇವೆ ಎಂದೆ.

ಆತ ಚಹಾ ಕುಡಿಯುತ್ತಿದ್ದ. ಬಟ್ಟಲು ಕೆಳಗಿಡಲಿಲ್ಲ.

"ಪಾಲಿಶ್ ಇನ್ನೂ ಹಸೀ ಐತ್ರಿ ಅಕ್ಕೋರ. ಕೆಸರಗಾಲಾಗ ಮಂದಿ ಒಳಗ ಬಂದ್ರ ರವಿವಾರ ಬಿಷಪ್ಪರಿಗೆ ಏನ್ ತೋರ್ಸೂಣು?"

ಆಯಿ ಮೂವತ್ತು ವರ್ಷ ಆ ನೆಲ ಗುಡಿಸಿದ್ದಾಳೆ ಎಂದೆ.

"ಗುಡಿಸ್ಯಾಳ, ಖರೇ. ಆದ್ರ ಆಕಿ ಎಂದಾರ ಒಳಗ ಕುಂತಿದ್ಲೇನು? ಹೊರಗ ಕುಂಡ್ರಾಕಿ. ಹೊರಗನ ಮಾಡ್ರಿ."

ಪಾದ್ರಿ ತಲೆ ತಗ್ಗಿಸಿದರು. ನಾನೂ ಸುಮ್ಮನಾದೆ. ನಾನಿದ್ದ ಬಾಡಿಗೆ ಖೋಲಿ ಆತನದು. ಒಂಟಿ ಹೆಣ್ಣಿಗೆ ಆ ಊರಲ್ಲಿ ಬೇರೆ ಮನೆ ಸಿಗುವುದು ಕಷ್ಟವಿತ್ತು. ಹೀಗೆಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ...

ಚರ್ಚಿನ ಅಂಗಳದ ಹಲಸಿನ ಮರದ ಕೆಳಗೆ ಪೆಟ್ಟಿಗೆ ಇಟ್ಟೆವು. ಹಂಚಿನ ಕಾರ್ಖಾನೆಯ ನಾಲ್ವರು ಕೂಲಿಯವರು ಹೊತ್ತು ತಂದಿದ್ದರು. ಮಳೆ ನಿಲ್ಲಲಿಲ್ಲ. ಆಯಿಯ ಮುಖದ ಮೇಲೆ ನೀರು ಬೀಳದಂತೆ ನನ್ನ ಕೊಡೆ ಹಿಡಿದೆ. ಪಾದ್ರಿಯ ಪುಸ್ತಕ ತೊಯ್ದು ಹಾಳೆಗಳು ಅಂಟಿಕೊಂಡವು. ಉಳಿದದ್ದನ್ನು ಅವರು ಬಾಯಿಪಾಠ ಹೇಳಿದರು. ಎರಡು ಮಾರು ಆಚೆ ಬಾಗಿಲಿಗೆ ಬೀಗ ಹಾಗೇ ಇತ್ತು.

ಭಾನುವಾರ ಬಿಷಪ್ಪರು ಬೆಳಗಾವಿಯಿಂದ ಜೀಪಿನಲ್ಲಿ ಬಂದರು. ಬೂಟಿನ ತುಂಬ ಕೆಂಪು ಕೆಸರು. ಹಾಗೇ ಫರಸಿಯ ಮೇಲೆ ನಡೆದು ಹೋದರು. ಹಿರಿಯ ಎನಿಸಿಕೊಂಡ ಆ ಮನುಷ್ಯ ಬೆನ್ನು ಬಗ್ಗಿಸಿ, ಹೆಗಲ ಮೇಲಿನ ಟವೆಲ್ಲಿನಿಂದ ಅವರ ಹೆಜ್ಜೆ ಒರೆಸುತ್ತ ಹಿಂದೆ ಹಿಂದೆ ಹೋದ. ಚರ್ಚು ದೇವರದು, ನಾವು ಬರೀ ಮನೆವಾರ್ತೆಯವರು, ಒಪ್ಪಿಸಿದ್ದನ್ನು ಕಾಯುವವರು ಎಂದು ಬಿಷಪ್ಪರು ಬೋಧಿಸಿದರು. ಎಲ್ಲರಿಗಿಂತ ಜೋರಾಗಿ ತಲೆ ಅಲ್ಲಾಡಿಸಿದವನು ಆತನೇ. ತಾನೂ ಅದನ್ನೇ ಹೇಳುತ್ತ ಬಂದಿದ್ದೇನೆಂದು ಊಟದ ಹೊತ್ತಿಗೆ ಅವರಿಗೆ ತಿಳಿಸಿದನಂತೆ.

ಎಂಬತ್ತರ ನಂತರ ನನಗೆ ಬೆಳಗಾವಿಗೆ ವರ್ಗವಾಯಿತು. ಕೆಲವು ವರ್ಷಕ್ಕೆ ಆತನಿಗೆ ಲಕ್ವ ಹೊಡೆದು, ಮಗಳು ಇಲ್ಲಿಯ ಶಿವಬಸವ ನಗರದ ತನ್ನ ಮನೆಗೆ ಕರೆತಂದಳು. ಒಂದು ಭಾನುವಾರ ನಮ್ಮ ದೊಡ್ಡ ಚರ್ಚಿನಲ್ಲಿ ಆತನನ್ನು ಕಂಡೆ. ಕೋಲೂರಿಕೊಂಡು ನೆಟ್ಟಗೆ ಮುಂದಿನ ಬೆಂಚಿಗೆ ಹೋಗಿ ಕೂತಿದ್ದ. ಒಬ್ಬ ತರುಣ ಬಂದು ಮೆತ್ತಗೆ ಹೇಳಿದ: "ಅಜ್ಜಾರ, ಇದು ಹಾಡು ಹೇಳಾವ್ರ ಜಾಗಾ. ಹಿಂದ ಬರ್ರಿ."

ಆತ ಎದ್ದ. ಪರಿಚಯದ ಮುಖ ಹುಡುಕುತ್ತ ಒಂದೊಂದೇ ಸಾಲು ಹಿಂದೆ ಬಂದ. ನನ್ನನ್ನು ನೋಡಿ ಸೊಟ್ಟ ಬಾಯಿಯಲ್ಲಿ ನಕ್ಕ. ನನ್ನ ಬಾಜು ಒಬ್ಬರು ಕೂಡುವಷ್ಟು ಜಾಗವಿತ್ತು. ನನ್ನ ಚೀಲ ತೆಗೆದು ಅಲ್ಲಿಟ್ಟೆ.

ಆತ ಹೊರಗೆ, ಜಗಲಿಯ ಮೇಲೆ ಕೂತ. ಅಂದಿನ ಬೋಧನೆ ಏನೆಂದು ನೆನಪಿಲ್ಲ; ಆದ ಸಂತೋಷ ಮಾತ್ರ ಚೆನ್ನಾಗಿ ನೆನಪಿದೆ. ವರ್ಷದೊಳಗೆ ಸತ್ತ. ಮಣ್ಣಿಗೆ ಖಾನಾಪುರಕ್ಕೆ ಒಯ್ದರು; ನಾನು ಹೋಗಲಿಲ್ಲ.

ಬಡಿಗನ ಅಂಗಡಿಯಿಂದ ಬಂದ ಮೇಲೆ ಮನಸ್ಸು ತಡೆಯದೆ ಹೋದ ವಾರ ಖಾನಾಪುರಕ್ಕೆ ಹೋದೆ. ಆತನ ಸಮಾಧಿ ಕರಿಕಲ್ಲಿನದು, ದೂರದಿಂದಲೇ ಕಾಣುತ್ತದೆ. ಆಯಿಯದು ಎಲ್ಲೂ ಸಿಗಲಿಲ್ಲ; ನೆಟ್ಟಿದ್ದ ಮರದ ಶಿಲುಬೆಯನ್ನು ಗೆದ್ದಲು ತಿಂದಿರಬೇಕು. ಜೊತೆಗೆ ಬಂದಿದ್ದ ಈಗಿನ ಪಾದ್ರಿ ಒಳ್ಳೆಯವರು. ಹಳೆಯ ರಿಜಿಸ್ಟರಿನಲ್ಲಿ ಹುಡುಕಿ ತಿಳಿಸುತ್ತೇನೆಂದು ಕಿಸೆಯಿಂದ ಚೀಟಿ ತೆಗೆದರು.

"ಅವರ ಹೆಸರೇನ್ರಿ ಅಕ್ಕೋರ?"

ಬಾಯಿ ತೆರೆದೆ. ಆಯಿ ಎಂಬುದರ ಹೊರತು ಏನೂ ಬರಲಿಲ್ಲ. ಎಷ್ಟೋ ವರ್ಷ, ಪ್ರತಿ ಭಾನುವಾರ, ಆಕೆಯನ್ನು ದಾಟಿಕೊಂಡೇ ನಾನು ಒಳಗೆ ಹೋಗಿದ್ದೆ. ಒಂದು ದಿನವೂ ಕೇಳಿರಲಿಲ್ಲ.

ಪಾದ್ರಿ ಪೆನ್ನು ಹಿಡಿದು ಕಾಯುತ್ತಿದ್ದರು.