ಡ್ರೈವರ್ ಕಾಕಾ ಎಂಜಿನ್ ಬಂದ್ ಮಾಡಿದರೆಂದರೆ

ಅವರ ಬಲಗೈ ಎಡಗೈಗಿಂತ ಕಪ್ಪಗಿತ್ತು. ವರ್ಷಗಟ್ಟಲೆ ಬಸ್ಸಿನ ಕಿಟಕಿಗೆ ಮೊಣಕೈ ಊರಿ, ಹಳಿಯಾಳ–ದಾಂಡೇಲಿ ರಸ್ತೆಯ ಬಿಸಿಲನ್ನೆಲ್ಲ ಆ ಒಂದೇ ಕೈಯಲ್ಲಿ ತಿಂದವರು ನಮ್ಮ ಡ್ರೈವರ್ ಕಾಕಾ. ನಾನು ಹೊಸದಾಗಿ ಕಂಡಕ್ಟರ್ ಆಗಿ ಸೇರಿದಾಗ ಅವರ ಗಾಡಿಗೇ ಹಾಕಿದರು. "ಪುಣ್ಯಾ ಮಾಡೀಯವ್ವಾ" ಎಂದರು ಡಿಪೊದವರು. ಯಾಕೆಂದು ತಿಳಿಯಲು ಬಹಳ ದಿನ ಬೇಕಾಗಲಿಲ್ಲ.

ಹೆಣ್ಣು ಕಂಡಕ್ಟರ್ ಎಂದರೆ ಕೆಲವರಿಗೆ ಬಾಯಿಗೆ ಬಂದದ್ದು ಅನ್ನಲು ಲೈಸೆನ್ಸ್ ಸಿಕ್ಕ ಹಾಗೆ. ಸೀಟಿಲ್ಲವೆಂದರೆ ನನ್ನ ತಪ್ಪು, ಬಸ್ಸು ತಡವಾದರೆ ನನ್ನ ತಪ್ಪು, ಹೆಂಗಸರಿಗೆ ಟಿಕೆಟ್ ಪುಕ್ಕಟೆಯಾದದ್ದೂ ನನ್ನದೇ ತಪ್ಪು! ಆದರೆ ಹಿಂದೆ ಯಾರಾದರೂ ನನ್ನ ಮೇಲೆ ದನಿ ಏರಿಸಿದರೆ ಸಾಕು, ಕಾಕಾ ಗಾಡಿಯನ್ನು ಬದಿಗೆ ಹಾಕಿ ಎಂಜಿನ್ ಬಂದ್ ಮಾಡಿಬಿಡುತ್ತಿದ್ದರು.

"ಯಾಕ್ರೀ ಡ್ರೈವರ್ ಸಾಹೇಬ್ರ, ಏನಾತು?" ಎಂದು ಜನ ಕೇಳುತ್ತಿದ್ದರು.

"ಏನಿಲ್ರೀ. ಹಿಂದ ಒಬ್ರು ಏನೋ ಮಾತಾಡಾಕತ್ತಾರ. ಎಂಜಿನ್ ಸಪ್ಪಳದಾಗ ನನಗ ಕೇಳವಲ್ದು. ಅವರದು ಮುಗೀಲಿ, ಹೋಗೂಣು."

ಅಷ್ಟೇ. ಸಂತೆಗೆ ಹೊರಟವರು, ಕಚೇರಿಗೆ ಹೊರಟವರು, ಇಡೀ ಬಸ್ಸೇ ಆ ಮನುಷ್ಯನ ಮೇಲೆ ಬೀಳುತ್ತಿತ್ತು. ಅವನು ತೆಪ್ಪಗಾದ ಮೇಲೆ ಕಾಕಾ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ನಿಧಾನಕ್ಕೆ ಗೇರ್ ಹಾಕುತ್ತಿದ್ದರು. ನನಗೋ ನಗು ತಡೆಯಲಾಗುತ್ತಿರಲಿಲ್ಲ.

ಒಂದು ದಿನ ಮಾತ್ರ ಈ ಉಪಾಯಕ್ಕೆ ಅವಕಾಶವೇ ಸಿಗಲಿಲ್ಲ. ಸ್ಟಾಪ್ ಇಲ್ಲದ ಕಡೆ ನಿಲ್ಲಿಸೆಂದು ಒಬ್ಬ ಪಟ್ಟು ಹಿಡಿದ. ಆಗುವುದಿಲ್ಲ ಎಂದೆ. ತುಂಬಿದ ಬಸ್ಸಿನಲ್ಲಿ ಎಲ್ಲರೆದುರು ನನ್ನ ಕಪಾಳಕ್ಕೆ ಹೊಡೆದ. ಆಗ ಕಾಕಾ ಗಾಡಿ ನಿಲ್ಲಿಸಲಿಲ್ಲ. ಬಾಗಿಲು ತೆರೆಯದೆ, ಮಂದಿಯ ಸಮೇತ ಸೀದಾ ಪೊಲೀಸ್ ಠಾಣೆಯ ಮುಂದೆ ತಂದು ನಿಲ್ಲಿಸಿದರು.

ಹೊಡೆದವನು ಕಾಕಾ ಅವರ ಹಳ್ಳಿಯವನೇ. "ಅಣ್ಣಾ, ಒಂದ ಊರಾವ್ರು ನಾವು, ಹಿಂಗ ಮಾಡೂದೇನು?" ಎಂದು ಗೋಗರೆದ.

"ಊರಾಂವ ಅಂತನ ಠಾಣೆಗೆ ತಂದೇನಿ. ಇಲ್ಲಾಂದ್ರ ಅಲ್ಲೇ ಇಳಿಸಿ ನಾನ ಎರಡು ಕೊಡ್ತಿದ್ದೆ" ಎಂದರು ಕಾಕಾ.

ನಾನು ಅಳುತ್ತಿದ್ದೆ. ದೂರು ಬೇಡ, ಕೆಲಸವೇ ಬೇಡ, ಮನೆಗೆ ಹೋಗುತ್ತೇನೆ; ಟ್ರಿಪ್ ತಪ್ಪಿಸಿದ್ದಕ್ಕೆ ನಿಮಗೂ ಮೆಮೊ ಕೊಡುತ್ತಾರೆ ಎಂದೆ.

"ಟ್ರಿಪ್ ತಪ್ಪಿದ್ದಕ್ಕ ಜವಾಬು ನಾ ಕೊಡ್ತೇನಿ, ಮಗಳ. ನಿನಗ ಹೊಡದದ್ದಕ್ಕ ಅಂವ ಕೊಡ್ಲಿ. ನೀ ಯಾಕ ಮನಿಗೆ ಹೋಗಬೇಕು?"

ದೂರು ಕೊಟ್ಟೆ. ಕಾಕಾ ಸಾಕ್ಷಿ ಹೇಳಿದರು, ಅವನಿಗೆ ಶಿಕ್ಷೆಯೂ ಆಯಿತು. ಮೆಮೊ ಬಂದೇ ಬಂತು. ಕಾಕಾ ಅದನ್ನು ಮಡಚಿ ಕಿಸೆಗೆ ಹಾಕಿಕೊಂಡು ಡ್ಯೂಟಿಗೆ ಹೊರಟರು. ನಾನೂ ಹಿಂದೆಯೇ ಹತ್ತಿದೆ.

ಹೋದ ಮಳೆಗಾಲದಲ್ಲಿ ಕಾಕಾ ತೀರಿಕೊಂಡರು. ಮಾತಾಡಿಸಿ ಬರಲು ಹೋದಾಗ ಅವರ ಹೆಂಡತಿ, ನಮ್ಮ ಕಾಕೂ, ನನ್ನ ಕೈ ಹಿಡಿದುಕೊಂಡು ಹೇಳಿದರು: "ಆ ಸಾಕ್ಷಿ ಹೇಳಿದ ಮ್ಯಾಲ ಓಣ್ಯಾಗ ಅರ್ಧಾ ಮಂದಿ ನಮ್ಮ ಜೋಡಿ ಮಾತು ಬಿಟ್ರವ್ವಾ. ಮಗಳ ಲಗ್ನಕ್ಕೂ ಬರಲಿಲ್ಲ. 'ಕಂಡಕ್ಟರ್ ಹುಡುಗಿಗೆ ಗೊತ್ತಾದ್ರ ಕೆಲಸಾ ಬಿಡ್ತಾಳ, ಹೇಳಬ್ಯಾಡ' ಅಂದಿದ್ರು ನಿಮ್ಮ ಕಾಕಾ."

ಅಯ್ಯೋ ದೇವರೇ, ಆ ಲಗ್ನಕ್ಕೆ ನಾನು ಹೋಗಿದ್ದೆ. ಅರ್ಧ ಪಂಕ್ತಿ ಖಾಲಿ ಇತ್ತು. "ಕಬ್ಬು ಕಡಿಯೂ ಹಂಗಾಮ ನೋಡ ಮಗಳ, ಮಂದಿಗೆ ಪುರಸೊತ್ತಿಲ್ಲ" ಎಂದು ಕಾಕಾ ನಗುತ್ತ ನನಗೆ ಇನ್ನೊಂದು ಹೋಳಿಗೆ ಬಡಿಸಿದ್ದರು. ನಾನು ನಂಬಿ, ಹೊಟ್ಟೆ ತುಂಬ ಉಂಡು ಬಂದಿದ್ದೆ.

ಮರುದಿನವೇ ಡಿಪೊದಲ್ಲಿ ಅವರೂರಿನ ಬಸ್ಸನ್ನು ಕೇಳಿ ಹಾಕಿಸಿಕೊಂಡೆ. ಈಗ ದಿನಾ ಹೋಗುತ್ತೇನೆ. ಆ ಓಣಿಯವರಿಗೂ ಟಿಕೆಟ್ ಕೊಡುತ್ತೇನೆ, ಅವರ ಕಣ್ಣಲ್ಲಿ ಕಣ್ಣಿಟ್ಟೇ ಕೊಡುತ್ತೇನೆ.